ಪ್ರಾಸ್ಟೇಟ್ ಕ್ಯಾನ್ಸರ್: ಅಕ್ಷರ ಅದೇ, ಓದು ಬೇರೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವ ಅನೇಕರ ಮನೆಗಳಲ್ಲಿ ಒಂದೇ ಬಗೆಯ ಅನುಭವ ಮರುಕಳಿಸುತ್ತದೆ. ರೋಗ ಮೂಳೆಗಳಿಗೆ ಹರಡಿದೆ ಎಂಬುದು ಖಚಿತವಾದ ಬಳಿಕ ವೈದ್ಯರು ಹಾರ್ಮೋನು ಚಿಕಿತ್ಸೆಯನ್ನು ಆರಂಭಿಸುತ್ತಾರೆ. ಕೆಲವೇ ತಿಂಗಳುಗಳಲ್ಲಿ ರಕ್ತದಲ್ಲಿನ ಪಿಎಸ್‌ಎ ಪ್ರಮಾಣ ಇಳಿಯುತ್ತದೆ. ಬೆನ್ನುನೋವು ತಗ್ಗುತ್ತದೆ. ರೋಗಿ ಎದ್ದು ಓಡಾಡತೊಡಗುತ್ತಾರೆ. ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ಆದರೆ ಒಂದೆರಡು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಕಳೆದ ಮೇಲೆ, ಅದೇ ಚುಚ್ಚುಮದ್ದು ಮುಂದುವರಿದಿದ್ದರೂ ಪಿಎಸ್‌ಎ ಮತ್ತೆ ಏರತೊಡಗುತ್ತದೆ. ಔಷಧ ಬದಲಾಗಿಲ್ಲ, ರೋಗಿ ಪಥ್ಯ ತಪ್ಪಿಲ್ಲ. ಹಾಗಾದರೆ ಬದಲಾದದ್ದೇನು?

ಈ ಪ್ರಶ್ನೆಗೆ ಬಹುಕಾಲ ವಂಶವಾಹಿಗಳಲ್ಲಿ ಉಂಟಾಗುವ ದೋಷಗಳಲ್ಲಿಯೇ ಉತ್ತರ ಹುಡುಕಲಾಗುತ್ತಿತ್ತು. ಆ ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ವಂಶವಾಹಿಯ ಬರಹದಲ್ಲಿ ಒಂದಕ್ಷರವೂ ಬದಲಾಗದೆ, ಆ ಬರಹವನ್ನು ಜೀವಕೋಶ ಓದುವ ಬಗೆ ಮಾತ್ರ ಬದಲಾಗಿ ರೋಗ ಉಲ್ಬಣಗೊಳ್ಳಬಹುದು ಎಂಬುದು ಕಳೆದ ಎರಡು ದಶಕಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಈ ಓದನ್ನು ನಿಯಂತ್ರಿಸುವ ಕಿಣ್ವಗಳೇ ಎಪಿಜೆನೆಟಿಕ್ ಕಿಣ್ವಗಳು. ಬರೆದದ್ದನ್ನು ತಿದ್ದುವುದು ಕಷ್ಟ, ಓದನ್ನು ತಿದ್ದುವುದು ಸಾಧ್ಯ ಎಂಬುದರಲ್ಲಿಯೇ ಈ ಸಂಶೋಧನೆಯ ಮಹತ್ವ ಅಡಗಿದೆ.

ಹಾರ್ಮೋನಿನ ಆಸರೆ

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುವ, ಅಕ್ರೋಟು ಕಾಯಿಯಷ್ಟು ಗಾತ್ರದ ಗ್ರಂಥಿ. ವೀರ್ಯದ ದ್ರವಾಂಶದ ಒಂದು ಭಾಗವನ್ನು ಸ್ರವಿಸುವುದು ಅದರ ಕೆಲಸ. ಈ ಗ್ರಂಥಿಯ ಬೆಳವಣಿಗೆಗೆ ಟೆಸ್ಟೊಸ್ಟೆರಾನ್ ಮುಂತಾದ ಪುರುಷ ಹಾರ್ಮೋನುಗಳು ಬೇಕೇ ಬೇಕು. ಜೀವಕೋಶದೊಳಗಿರುವ ಆಂಡ್ರೊಜನ್ ಗ್ರಾಹಕ ಎಂಬ ಪ್ರೋಟೀನು ಈ ಹಾರ್ಮೋನನ್ನು ಹಿಡಿದುಕೊಂಡು ಕೋಶಕೇಂದ್ರವನ್ನು ಸೇರಿ, ಬೆಳವಣಿಗೆಗೆ ಬೇಕಾದ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ.

ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಕೂಡ ಇದೇ ಹಾರ್ಮೋನನ್ನು ನೆಚ್ಚಿಕೊಂಡಿರುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ ಅವರು ಕ್ಲಾರೆನ್ಸ್ ಹಾಜಸ್ ಅವರೊಂದಿಗೆ 1941ರಲ್ಲಿ ಇದನ್ನು ತೋರಿಸಿಕೊಟ್ಟರು. ವೃಷಣಗಳನ್ನು ತೆಗೆದುಹಾಕಿದಾಗ ಹರಡಿದ ಕ್ಯಾನ್ಸರ್ ಕೂಡ ಕುಗ್ಗುತ್ತದೆ ಎಂಬ ಅವರ ಶೋಧಕ್ಕೆ 1966ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇಂದು ಶಸ್ತ್ರಕ್ರಿಯೆಯ ಬದಲು ಚುಚ್ಚುಮದ್ದುಗಳಿಂದಲೂ ಹಾರ್ಮೋನಿನ ಉತ್ಪಾದನೆಯನ್ನು ತಡೆಯಬಹುದು. ಅಮೆರಿಕದಲ್ಲಿ 2011ರಲ್ಲಿ ಅನುಮತಿ ಪಡೆದ ಅಬಿರಟೆರಾನ್, 2012ರಲ್ಲಿ ಅನುಮತಿ ಪಡೆದ ಎನ್ಜಲುಟಮೈಡ್ ಎಂಬ ಔಷಧಗಳು ಈ ದಾರಿಯನ್ನು ಇನ್ನಷ್ಟು ಬಿಗಿಗೊಳಿಸಿದವು. ಮೊದಲನೆಯದು ದೇಹದ ಇತರ ಭಾಗಗಳಲ್ಲಿಯೂ ಹಾರ್ಮೋನು ತಯಾರಾಗದಂತೆ ನೋಡಿಕೊಂಡರೆ, ಎರಡನೆಯದು ಹಾರ್ಮೋನು ಗ್ರಾಹಕಕ್ಕೆ ಅಂಟಿಕೊಳ್ಳದಂತೆ ತಡೆಯುತ್ತದೆ.

ಇಷ್ಟಾದರೂ ಹರಡಿದ ಕ್ಯಾನ್ಸರ್ ಬಹುತೇಕ ರೋಗಿಗಳಲ್ಲಿ ಕಾಲಕ್ರಮೇಣ ಚಿಕಿತ್ಸೆಯನ್ನು ಮೀರಿ ಬೆಳೆಯುತ್ತದೆ. ಕೆಲವು ಗಡ್ಡೆಗಳು ಗ್ರಾಹಕದ ವಂಶವಾಹಿಯ ಪ್ರತಿಗಳನ್ನು ಹೆಚ್ಚಿಸಿಕೊಂಡು, ಅತ್ಯಲ್ಪ ಹಾರ್ಮೋನಿನಲ್ಲಿಯೇ ಬದುಕುವುದನ್ನು ಕಲಿಯುತ್ತವೆ. ಇನ್ನು ಕೆಲವು ಹಾರ್ಮೋನಿನ ಹಂಗನ್ನೇ ತೊರೆಯುತ್ತವೆ. ಈ ಎರಡೂ ದಾರಿಗಳಲ್ಲಿ ಎಪಿಜೆನೆಟಿಕ್ ಕಿಣ್ವಗಳ ಕೈವಾಡ ಕಂಡುಬಂದಿದೆ.

ಕಟ್ಟಿಟ್ಟ ಓಲೆಗರಿ

ಕಣ್ಣಿನ ಕೋಶ, ಯಕೃತ್ತಿನ ಕೋಶ, ಪ್ರಾಸ್ಟೇಟ್ ಕೋಶ ಇವೆಲ್ಲದರಲ್ಲಿಯೂ ಇರುವ ಡಿಎನ್‌ಎ ಒಂದೇ. ಆದರೂ ಕಣ್ಣಿನ ಕೋಶ ಪಿತ್ತರಸವನ್ನು ಸ್ರವಿಸುವುದಿಲ್ಲ. ಯಾವ ಕೋಶದಲ್ಲಿ ಯಾವ ವಂಶವಾಹಿ ಮಾತನಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಕಟ್ಟುಪಾಡು ಬೇರೆಯೇ ಇದೆ. ಈ ಕ್ಷೇತ್ರಕ್ಕೆ ಎಪಿಜೆನೆಟಿಕ್ಸ್ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್.

ಒಂದು ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಚಾಚಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅಷ್ಟು ಉದ್ದದ ಎಳೆಯು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕೋಶಕೇಂದ್ರದೊಳಗೆ ಅಡಕವಾಗಿರಲು ಹಿಸ್ಟೋನ್ ಎಂಬ ಪ್ರೋಟೀನುಗಳು ಕಾರಣ. ಎಂಟು ಹಿಸ್ಟೋನ್‌ಗಳ ಒಂದೊಂದು ಗುಂಪಿಗೆ ಡಿಎನ್‌ಎಯ ಎಳೆ ನೂಲಿನಂತೆ ಸುತ್ತಿಕೊಂಡಿರುತ್ತದೆ. ಸುತ್ತು ಸಡಿಲವಾಗಿರುವ ಕಡೆ ವಂಶವಾಹಿಯನ್ನು ಓದಬಹುದು, ಬಿಗಿಯಾಗಿರುವ ಕಡೆ ಓದಲಾಗದು. ಹಳೆಯ ಮಠಗಳ ಭಂಡಾರದಲ್ಲಿರುವ ಓಲೆಗರಿಯ ಕಟ್ಟನ್ನು ಇಲ್ಲಿ ನೆನೆಯಬಹುದು. ದಾರ ಬಿಗಿದು ಕಟ್ಟಿಟ್ಟಾಗ ಒಳಗಿನ ಅಕ್ಷರ ಅಳಿಸಿಹೋಗಿರುವುದಿಲ್ಲ. ಆದರೆ ಕಟ್ಟು ಬಿಚ್ಚುವವರೆಗೆ ಆ ಬರಹ ಇದ್ದೂ ಇಲ್ಲದಂತೆ.

ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದಕ್ಕೆ ಕೋಶವು ಸಣ್ಣ ರಾಸಾಯನಿಕ ಗುರುತುಗಳನ್ನು ಬಳಸುತ್ತದೆ. ಮೀಥೈಲ್ ಮತ್ತು ಅಸಿಟೈಲ್ ಎಂಬವು ಇವುಗಳಲ್ಲಿ ಪ್ರಮುಖವಾದವು. ಡಿಎನ್‌ಎಯ ಮೇಲೆ ನೇರವಾಗಿ ಬೀಳುವ ಮೀಥೈಲ್ ಗುರುತು ಸಾಮಾನ್ಯವಾಗಿ ವಂಶವಾಹಿಯ ಬಾಯಿ ಮುಚ್ಚಿಸುತ್ತದೆ. ಹಿಸ್ಟೋನ್‌ನ ಮೇಲೆ ಬೀಳುವ ಅಸಿಟೈಲ್ ಗುರುತು ಸುತ್ತನ್ನು ಸಡಿಲಿಸುತ್ತದೆ. ಈ ಗುರುತುಗಳನ್ನು ಇಡುವ ಕಿಣ್ವಗಳದೊಂದು ವರ್ಗ, ಅಳಿಸುವ ಕಿಣ್ವಗಳದು ಇನ್ನೊಂದು ವರ್ಗ. ಇಟ್ಟ ಗುರುತನ್ನು ಗುರುತಿಸಿ ಮುಂದಿನ ಕೆಲಸ ನಡೆಸುವ ಪ್ರೋಟೀನುಗಳು ಮೂರನೆಯ ವರ್ಗ. ಆರೋಗ್ಯವಂತ ಕೋಶದಲ್ಲಿ ಈ ಮೂರೂ ವರ್ಗಗಳ ನಡುವೆ ಸಮತೋಲನವಿರುತ್ತದೆ. ಕ್ಯಾನ್ಸರ್ ಈ ಸಮತೋಲನವನ್ನೇ ಕೆಡಿಸುತ್ತದೆ.

ಮೊದಲ ಸುಳಿವು

ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಇದಕ್ಕೆ ಸ್ಪಷ್ಟ ಸುಳಿವು ದೊರೆತದ್ದು 1994ರಲ್ಲಿ. ಜೀವಕೋಶಕ್ಕೆ ಹಾನಿ ಮಾಡುವ ವಿಷಕಾರಿ ವಸ್ತುಗಳನ್ನು ನಿವಾರಿಸುವ ಕಿಣ್ವವೊಂದರ ಜಿಎಸ್‌ಟಿಪಿ1 ಎಂಬ ವಂಶವಾಹಿ, ಈ ಕ್ಯಾನ್ಸರ್ ಕೋಶಗಳಲ್ಲಿ ಮೀಥೈಲ್ ಗುರುತುಗಳಿಂದ ಮುಚ್ಚಿಹೋಗಿರುವುದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಮುಂದಿನ ಅಧ್ಯಯನಗಳಲ್ಲಿ ಶೇ. 90ಕ್ಕೂ ಹೆಚ್ಚು ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಈ ಬದಲಾವಣೆ ದೃಢಪಟ್ಟಿತು. ವಂಶವಾಹಿಯ ಬರಹ ಸರಿಯಾಗಿಯೇ ಇತ್ತು. ಕಟ್ಟು ಮಾತ್ರ ಬಿಚ್ಚಲಾಗದಂತೆ ಬಿಗಿದುಹೋಗಿತ್ತು. ರಕ್ಷಣೆ ಕಳೆದುಕೊಂಡ ಕೋಶದಲ್ಲಿ ಹಾನಿ ಶೇಖರವಾಗುವುದು ಸಹಜ.

ಈ ಶೋಧ ಪ್ರಯೋಗಾಲಯದಲ್ಲಿಯೇ ಉಳಿಯಲಿಲ್ಲ. ಸೂಜಿಯಿಂದ ತೆಗೆದ ಗ್ರಂಥಿಯ ತುಣುಕಿನಲ್ಲಿ ಕ್ಯಾನ್ಸರ್ ಕಾಣದಿದ್ದರೂ ಸಂಶಯ ಉಳಿದಾಗ, ಅದೇ ತುಣುಕಿನಲ್ಲಿ ಜಿಎಸ್‌ಟಿಪಿ1 ಸೇರಿದಂತೆ ಮೂರು ವಂಶವಾಹಿಗಳ ಮೇಲಿನ ಮೀಥೈಲ್ ಗುರುತುಗಳನ್ನು ಅಳೆಯುವ ಪರೀಕ್ಷೆಯೊಂದು ಅಮೆರಿಕದಲ್ಲಿ ಬಳಕೆಗೆ ಬಂದಿದೆ. ಸೂಜಿ ತಪ್ಪಿಸಿಕೊಂಡ ಕ್ಯಾನ್ಸರ್ ಅಕ್ಕಪಕ್ಕದಲ್ಲಿಯೇ ಇದ್ದರೆ ನೆರೆಯ ಕೋಶಗಳಲ್ಲಿಯೂ ಅದರ ಗುರುತು ಸಿಗಬಹುದು ಎಂಬುದು ಈ ಪರೀಕ್ಷೆಯ ತತ್ವ. ಮರಳಿ ಮರಳಿ ಸೂಜಿ ಚುಚ್ಚಿಸಿಕೊಳ್ಳುವ ಸಂಕಟವನ್ನು ತಪ್ಪಿಸುವುದು ಇದರ ಉದ್ದೇಶ.

ಇಜಡ್‌ಎಚ್2 ಎಂಬ ಕಿಣ್ವ

ರೋಗ ಆರಂಭವಾಗುವುದು ಒಂದು ಮಾತು, ಅದು ಉಲ್ಬಣಿಸಿ ಹರಡುವುದು ಇನ್ನೊಂದು ಮಾತು. ಈ ಎರಡನೆಯದಕ್ಕೆ ಸಂಬಂಧಿಸಿದಂತೆ 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ಒಂದು ಮೈಲಿಗಲ್ಲು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅರುಳ್ ಚಿನ್ನಯ್ಯನ್ ಅವರ ತಂಡ ನಡೆಸಿದ ಆ ಅಧ್ಯಯನದ ಮೊದಲ ಲೇಖಕರು ಸೂರ್ಯನಾರಾಯಣ ವಾರಂಬಳ್ಳಿ. ಗ್ರಂಥಿಯೊಳಗೇ ಉಳಿದ ಕ್ಯಾನ್ಸರ್ ಮತ್ತು ದೇಹದೆಲ್ಲೆಡೆ ಹರಡಿದ ಕ್ಯಾನ್ಸರ್ ಇವೆರಡರಲ್ಲಿ ವಂಶವಾಹಿಗಳ ಚಟುವಟಿಕೆಯನ್ನು ತಂಡವು ಹೋಲಿಸಿ ನೋಡಿತು. ಹರಡಿದ, ಹಾರ್ಮೋನು ಚಿಕಿತ್ಸೆಗೆ ಬಗ್ಗದ ಕ್ಯಾನ್ಸರ್‌ನಲ್ಲಿ ಇಜಡ್‌ಎಚ್2 ಎಂಬ ಪ್ರೋಟೀನು ಗಮನಾರ್ಹವಾಗಿ ಹೆಚ್ಚಿತ್ತು. ಗ್ರಂಥಿಯೊಳಗಿನ ಗಡ್ಡೆಯಲ್ಲಿಯೂ ಅದು ಹೆಚ್ಚಾಗಿದ್ದವರಿಗೆ ಮುಂದೆ ರೋಗ ಮರುಕಳಿಸುವ ಸಂಭವ ಅಧಿಕವಾಗಿತ್ತು.

ಇಜಡ್‌ಎಚ್2 ಗುರುತು ಇಡುವ ವರ್ಗಕ್ಕೆ ಸೇರಿದ ಕಿಣ್ವ. ಇಇಡಿ, ಎಸ್‌ಯುಝಡ್12 ಮುಂತಾದ ಸಂಗಾತಿ ಪ್ರೋಟೀನುಗಳೊಡನೆ ಕೂಡಿಕೊಂಡು ಅದು ಎಚ್3 ಎಂಬ ಹಿಸ್ಟೋನ್‌ನ 27ನೆಯ ಸ್ಥಾನದಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಮೂರು ಮೀಥೈಲ್ ಗುರುತುಗಳನ್ನು ಅಂಟಿಸುತ್ತದೆ. ಅದು ಅಂಟಿದೆಡೆ ಸುತ್ತು ಬಿಗಿಯುತ್ತದೆ, ವಂಶವಾಹಿ ಮೌನವಾಗುತ್ತದೆ. ಈ ಕುಟುಂಬದ ಪ್ರೋಟೀನುಗಳು ಮೊದಲು ಪತ್ತೆಯಾದದ್ದು ಹಣ್ಣಿನ ನೊಣದಲ್ಲಿ. ದೇಹದ ಯಾವ ಭಾಗದಲ್ಲಿ ಯಾವ ಅಂಗ ಬೆಳೆಯಬೇಕೆಂಬ ಶಿಸ್ತನ್ನು ಕಾಪಾಡುವುದು ಅಲ್ಲಿ ಅವುಗಳ ಕೆಲಸ. ಭ್ರೂಣದ ಬೆಳವಣಿಗೆಯಲ್ಲಿ ಮನುಷ್ಯನಿಗೂ ಇದು ಅತ್ಯಗತ್ಯ. ಬೆಳೆದ ಪ್ರಾಸ್ಟೇಟ್ ಕೋಶದಲ್ಲಿ ಇದರ ಅಗತ್ಯ ತೀರ ಕಡಿಮೆ. ಕ್ಯಾನ್ಸರ್ ಈ ಹಳೆಯ ಉಪಕರಣವನ್ನು ಮತ್ತೆ ಹೊರತೆಗೆದು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ನೆರೆಯ ಕೋಶಗಳಿಗೆ ಅಂಟಿಕೊಂಡಿರಲು ನೆರವಾಗುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ವಂಶವಾಹಿ, ಇಜಡ್‌ಎಚ್2 ಮೌನವಾಗಿಸುವ ವಂಶವಾಹಿಗಳಲ್ಲಿ ಒಂದು. ಅಂಟು ಬಿಟ್ಟ ಕೋಶ ತನ್ನ ನೆಲೆ ಬಿಟ್ಟು ಹೊರಡುವುದು ಸುಲಭ.

ಈ ಕಿಣ್ವ ಇಷ್ಟೊಂದು ಹೆಚ್ಚುವುದೇಕೆ ಎಂಬುದಕ್ಕೆ 2008ರಲ್ಲಿ ಅದೇ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಕಾರಣ ನೀಡಿತು. ಇಜಡ್‌ಎಚ್2 ಮಿತಿಮೀರದಂತೆ ತಡೆಯುವ ಮೈಕ್ರೋ ಆರ್‌ಎನ್‌ಎ-101 ಎಂಬ ಪುಟ್ಟ ಅಣುವೊಂದು ಕೋಶದಲ್ಲಿದೆ. ಗ್ರಂಥಿಯೊಳಗಿನ 16 ಕ್ಯಾನ್ಸರ್ ಮಾದರಿಗಳಲ್ಲಿ 6ರಲ್ಲಿ, ಹರಡಿದ 33 ಮಾದರಿಗಳಲ್ಲಿ 22ರಲ್ಲಿ ಈ ಅಣುವನ್ನು ತಯಾರಿಸುವ ಡಿಎನ್‌ಎ ಭಾಗವೇ ಕಳೆದುಹೋಗಿತ್ತು. ರೋಗ ಮುಂದುವರಿದಂತೆ ಲಗಾಮು ಕಳಚುತ್ತಾ ಹೋಗುತ್ತದೆ ಎಂಬುದು ಇದರ ಅರ್ಥ. ವಂಶವಾಹಿಯ ದೋಷ ಮತ್ತು ಓದಿನ ದೋಷ ಬೇರೆ ಬೇರೆಯಾಗಿ ನಿಲ್ಲದೆ ಒಂದಕ್ಕೊಂದು ಇಂಬು ಕೊಡುತ್ತವೆ ಎಂಬುದಕ್ಕೂ ಇದು ನಿದರ್ಶನ.

ವೇಷ ಬದಲಿಸುವ ಕೋಶ

ಇಜಡ್‌ಎಚ್2ಗೆ ಇನ್ನೊಂದು ಮುಖವೂ ಇದೆ. ಹಾರ್ಮೋನು ಚಿಕಿತ್ಸೆಗೆ ಬಗ್ಗದ ಕೋಶಗಳಲ್ಲಿ ಈ ಕಿಣ್ವ ತನ್ನ ಸಂಗಾತಿಗಳನ್ನು ಬಿಟ್ಟು, ಆಂಡ್ರೊಜನ್ ಗ್ರಾಹಕದೊಡನೆ ಕೈಜೋಡಿಸಿ, ವಂಶವಾಹಿಗಳನ್ನು ಮುಚ್ಚುವ ಬದಲು ತೆರೆಯುವ ಕೆಲಸವನ್ನೂ ಮಾಡುತ್ತದೆ ಎಂದು ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಬೀಗ ಹಾಕುವವನೇ ಬೀಗ ತೆಗೆಯುವವನೂ ಆದಂತಾಯಿತು.

ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಕೋಶದ ವೇಷಾಂತರ. ಪ್ರಬಲ ಔಷಧಗಳ ಒತ್ತಡಕ್ಕೆ ಸಿಲುಕಿದ ಕೆಲವು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ತಮ್ಮ ಮೂಲ ಗುರುತನ್ನೇ ತೊರೆದು ನರಕೋಶಗಳನ್ನು ಹೋಲುವ ರೂಪ ತಾಳುತ್ತವೆ. ಹಾರ್ಮೋನಿನ ಅಗತ್ಯವೇ ಇಲ್ಲದ ಇವುಗಳ ಮೇಲೆ ಹಾರ್ಮೋನು ಚಿಕಿತ್ಸೆ ನಡೆಯುವುದಿಲ್ಲ. ಇವು ಪಿಎಸ್‌ಎಯನ್ನು ಹೆಚ್ಚು ಉತ್ಪಾದಿಸದ ಕಾರಣ, ರಕ್ತಪರೀಕ್ಷೆಯ ಅಂಕಿ ಕಡಿಮೆ ಇದ್ದರೂ ರೋಗ ಯಕೃತ್ತು ಮುಂತಾದ ಅಂಗಗಳಿಗೆ ಹರಡುತ್ತಿರಬಹುದು. ಇಂತಹ ಗಡ್ಡೆಗಳನ್ನು ಪರಿಶೀಲಿಸಿದಾಗ ವಂಶವಾಹಿಯ ಬರಹದಲ್ಲಿ ಮೂಲ ಕ್ಯಾನ್ಸರ್‌ಗಿಂತ ಹೆಚ್ಚಿನ ವ್ಯತ್ಯಾಸ ಕಾಣದೆ, ಮೀಥೈಲ್ ಗುರುತುಗಳಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಇರುವುದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡುಬಂದಿತು. ಇಜಡ್‌ಎಚ್2 ಕೂಡ ಇವುಗಳಲ್ಲಿ ಅಧಿಕವಾಗಿತ್ತು.

2017ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಈ ವೇಷಾಂತರದ ದಾರಿಯನ್ನು ಇನ್ನಷ್ಟು ಬೆಳಕಿಗೆ ತಂದವು. ಆರ್‌ಬಿ1 ಮತ್ತು ಪಿ53 ಎಂಬ ಎರಡು ಕಾವಲು ವಂಶವಾಹಿಗಳು ನಾಶವಾದಾಗ ಕೋಶ ವೇಷ ಬದಲಿಸಲು ಸಿದ್ಧವಾಗುತ್ತದೆ. ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇಜಡ್‌ಎಚ್2 ಕಿಣ್ವವನ್ನು ತಡೆದಾಗ, ಬಗ್ಗದ ಗಡ್ಡೆಗಳು ಎನ್ಜಲುಟಮೈಡ್‌ಗೆ ಮತ್ತೆ ಸ್ಪಂದಿಸಿದವು. ಕಳೆದುಹೋದ ವಂಶವಾಹಿಗಳು ಹಿಂದಿರುಗಿರಲಿಲ್ಲ; ಓದು ಮಾತ್ರ ಹಿಂದಿರುಗಿತ್ತು.

ಅಳಿಸುವ ಕಿಣ್ವ, ಪುನರ್ಪುಳಿಯ ನಂಟು

ಹಿಸ್ಟೋನ್‌ಗೆ ಒಮ್ಮೆ ಅಂಟಿದ ಮೀಥೈಲ್ ಗುರುತು ಅಳಿಯುವುದಿಲ್ಲ ಎಂದೇ 2004ರವರೆಗೆ ಬಹುಮಂದಿ ನಂಬಿದ್ದರು. ಆ ವರ್ಷ ಹಾರ್ವರ್ಡ್‌ನ ಯಾಂಗ್ ಷಿ ಅವರ ತಂಡ ಎಲ್‌ಎಸ್‌ಡಿ1 ಎಂಬ ಅಳಿಸುವ ಕಿಣ್ವವನ್ನು ಪತ್ತೆಹಚ್ಚಿತು. ಮರುವರ್ಷವೇ ಜರ್ಮನಿಯ ಫ್ರೈಬರ್ಗ್‌ನ ವಿಜ್ಞಾನಿಗಳು, ಈ ಕಿಣ್ವ ಆಂಡ್ರೊಜನ್ ಗ್ರಾಹಕದ ಜೊತೆಗೂಡಿ ಮೌನದ ಗುರುತುಗಳನ್ನು ಅಳಿಸಿ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ನೆರವಾಗುತ್ತದೆ ಎಂದು ತೋರಿಸಿದರು.

ಅಸಿಟೈಲ್ ಗುರುತು ಇಡುವ ಪಿ300 ಎಂಬ ಕಿಣ್ವವೂ ಆಂಡ್ರೊಜನ್ ಗ್ರಾಹಕದ ಸಹಾಯಕ. ಇದರ ವಿಷಯದಲ್ಲಿ ಕರ್ನಾಟಕದ ಕೊಡುಗೆ ಸ್ಮರಣೀಯ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ, ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಈ ಕಿಣ್ವವನ್ನು ತಡೆಯುತ್ತದೆಂದು 2003ರಲ್ಲಿ ವರದಿ ಮಾಡಿತು. ಕರಾವಳಿಯವರು ಪಾನಕ ಮಾಡಿ ಕುಡಿಯುವ ಪುನರ್ಪುಳಿಯ ಗಾರ್ಸಿನಾಲ್ ಹಾಗೂ ಅರಿಶಿನದ ಕರ್ಕ್ಯುಮಿನ್ ಕೂಡ ಇದೇ ಗುಣ ಹೊಂದಿವೆ ಎಂದು 2004ರಲ್ಲಿ ಅದೇ ತಂಡ ತಿಳಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರಯೋಗಾಲಯದ ಬಟ್ಟಲಿನಲ್ಲಿ ಶುದ್ಧೀಕರಿಸಿದ ಅಣು ಕಿಣ್ವವನ್ನು ತಡೆಯುವುದಕ್ಕೂ, ಪುನರ್ಪುಳಿ ಪಾನಕ ಕುಡಿದರೆ ಅಥವಾ ಅರಿಶಿನದ ಗುಳಿಗೆ ನುಂಗಿದರೆ ಕ್ಯಾನ್ಸರ್ ಗುಣವಾಗುವುದಕ್ಕೂ ಅಜಗಜಾಂತರ. ಆಹಾರದಲ್ಲಿರುವ ಪ್ರಮಾಣ ಅತ್ಯಲ್ಪ. ಕರ್ಕ್ಯುಮಿನ್‌ನಂಥ ಅಣುವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದೂ ಇಲ್ಲ. ಇಂತಹ ಅಣುಗಳ ನಿಜವಾದ ಬೆಲೆ, ಈ ಕಿಣ್ವವನ್ನು ತಡೆಯಲು ಸಾಧ್ಯ ಎಂಬುದನ್ನು ತೋರಿಸಿ, ಉತ್ತಮ ಔಷಧಗಳ ಹುಡುಕಾಟಕ್ಕೆ ದಾರಿ ಮಾಡಿದ್ದರಲ್ಲಿದೆ. 2017ರಲ್ಲಿ ವರದಿಯಾದ ಎ-485 ಎಂಬ ಕೃತಕ ಅಣು, ಪಿ300 ಕಿಣ್ವವನ್ನು ತಡೆದು ಇಲಿಗಳಲ್ಲಿ ಪ್ರಾಸ್ಟೇಟ್ ಗಡ್ಡೆಯ ಬೆಳವಣಿಗೆಯನ್ನು ಕುಂಠಿತಗೊಳಿಸಿತು.

ಔಷಧದ ದಾರಿ

ಎಪಿಜೆನೆಟಿಕ್ ಕಿಣ್ವಗಳನ್ನು ಗುರಿಯಾಗಿಸುವ ಔಷಧಗಳು ಹೊಸತೇನಲ್ಲ. ಡಿಎನ್‌ಎಯ ಮೀಥೈಲ್ ಗುರುತನ್ನು ತಗ್ಗಿಸುವ ಅಜಾಸಿಟಿಡಿನ್ 2004ರಲ್ಲಿ ಅಸ್ಥಿಮಜ್ಜೆಯ ಕಾಯಿಲೆಯೊಂದಕ್ಕೆ, ಅಸಿಟೈಲ್ ಗುರುತು ಅಳಿಸುವುದನ್ನು ತಡೆಯುವ ವೊರಿನೊಸ್ಟಾಟ್ 2006ರಲ್ಲಿ ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ ಅಮೆರಿಕದಲ್ಲಿ ಅನುಮತಿ ಪಡೆದವು. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ವೊರಿನೊಸ್ಟಾಟ್ ಅಡ್ಡಪರಿಣಾಮವನ್ನು ತಂದಿತೇ ಹೊರತು ಹೇಳಿಕೊಳ್ಳುವಂಥ ಪ್ರಯೋಜನ ನೀಡಲಿಲ್ಲ. ಒಂದು ಕ್ಯಾನ್ಸರ್‌ನ ಔಷಧ ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ ಎಂಬ ಪಾಠ ಅದರಿಂದ ದೊರೆಯಿತು.

ಇಜಡ್‌ಎಚ್2 ತಡೆಯುವ ಮೊದಲ ಔಷಧ ಟಾಜೆಮೆಟೊಸ್ಟಾಟ್‌ಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು ಅಪರೂಪದ ಒಂದು ಸಾರ್ಕೋಮಾ ಮತ್ತು ಒಂದು ಬಗೆಯ ಲಿಂಫೋಮಾಕ್ಕಾಗಿ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಸಂಬಂಧಿಸಿದ ಆಶಾದಾಯಕ ವರದಿ ಬಂದದ್ದು 2025ರ ಫೆಬ್ರುವರಿಯಲ್ಲಿ. ಫೈಜರ್ ಕಂಪನಿಯ ಮೆವ್ರೊಮೆಟೊಸ್ಟಾಟ್ ಎಂಬ ಇಜಡ್‌ಎಚ್2 ತಡೆಯುವ ಔಷಧವನ್ನು, ಈ ಮೊದಲೇ ಅಬಿರಟೆರಾನ್ ಪಡೆದು ರೋಗ ಮರುಕಳಿಸಿದ್ದ 81 ಮಂದಿಯ ಪರೀಕ್ಷೆಯಲ್ಲಿ ಬಳಸಲಾಗಿತ್ತು. ಎನ್ಜಲುಟಮೈಡ್ ಮಾತ್ರ ಪಡೆದವರಲ್ಲಿ ರೋಗ ಮುಂದುವರಿಯದೆ ಉಳಿದ ಮಧ್ಯಮ ಅವಧಿ 6.2 ತಿಂಗಳಾದರೆ, ಎರಡನ್ನೂ ಪಡೆದವರಲ್ಲಿ ಅದು 14.3 ತಿಂಗಳು. ಅತಿಸಾರ, ನಾಲಗೆಯ ರುಚಿ ಕೆಡುವುದು ಮುಂತಾದ ಅಡ್ಡಪರಿಣಾಮಗಳೂ ಹಲವರಲ್ಲಿ ಕಂಡುಬಂದವು. ಸಣ್ಣ ಪ್ರಮಾಣದ ಈ ಫಲಿತಾಂಶವನ್ನು ಒರೆಗೆ ಹಚ್ಚಲು ಹೆಚ್ಚು ರೋಗಿಗಳನ್ನೊಳಗೊಂಡ ಮೂರನೆಯ ಹಂತದ ಪರೀಕ್ಷೆಗಳನ್ನು ಕೈಗೊಳ್ಳಲಾಯಿತು.

ಎಚ್ಚರದ ಕಾರಣ ಇನ್ನೊಂದಿದೆ. ಈ ಕಿಣ್ವಗಳು ಕ್ಯಾನ್ಸರ್‌ನ ಸೊತ್ತಲ್ಲ. ಆರೋಗ್ಯವಂತ ಕೋಶಗಳಿಗೂ ಬೇಕಾದವು. ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳಲ್ಲಿ ಇಜಡ್‌ಎಚ್2 ಕೆಟ್ಟುಹೋಗುವುದೇ ರೋಗಕ್ಕೆ ಸಹಕಾರಿಯಾಗಿರುವುದು ಕಂಡುಬಂದಿದೆ. ಪ್ರಾಸ್ಟೇಟ್‌ನಲ್ಲಿ ಶತ್ರುವಾದದ್ದು ರಕ್ತದಲ್ಲಿ ಕಾವಲುಗಾರ. ಹೀಗಾಗಿ ಎಷ್ಟು ತಡೆಯಬೇಕು, ಎಷ್ಟು ಕಾಲ ತಡೆಯಬೇಕು ಎಂಬುದು ವೈದ್ಯರ ಮುಂದಿರುವ ಸೂಕ್ಷ್ಮ ಪ್ರಶ್ನೆ.

ರೋಗಿ ತಿಳಿದಿರಬೇಕಾದದ್ದು

ಜಾಗತಿಕ ಅಂದಾಜಿನ ಪ್ರಕಾರ 2022ರಲ್ಲಿ ವಿಶ್ವದಲ್ಲಿ ಸುಮಾರು 14.7 ಲಕ್ಷ ಮಂದಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 4 ಲಕ್ಷ ಮಂದಿ ಅದಕ್ಕೆ ಬಲಿಯಾದರು. ಭಾರತದಲ್ಲಿ ಆ ವರ್ಷದ ಹೊಸ ಪ್ರಕರಣಗಳು ಸುಮಾರು 38 ಸಾವಿರ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕಲೆಹಾಕುತ್ತಾ ಬಂದಿರುವ ದಾಖಲೆಗಳಲ್ಲಿ, ನಗರದ ಪುರುಷರನ್ನು ಕಾಡುವ ಮುಂಚೂಣಿಯ ಕ್ಯಾನ್ಸರ್‌ಗಳ ಸಾಲಿಗೆ ಇದೂ ಸೇರಿದೆ. ಜನರ ಆಯುಷ್ಯ ಹೆಚ್ಚುತ್ತಿರುವಂತೆ ವೃದ್ಧಾಪ್ಯದ ಈ ರೋಗವೂ ಹೆಚ್ಚುವುದು ಸಹಜ.

ಕಿಣ್ವಗಳ ಈ ಕಥೆಯಿಂದ ರೋಗಿಗೆ, ಮನೆಯವರಿಗೆ ಆಗುವ ಪ್ರಯೋಜನ ಮೂರು ಬಗೆಯದು. ಮೊದಲನೆಯದಾಗಿ, ಚಿಕಿತ್ಸೆ ಫಲ ಕೊಡುವುದು ನಿಂತಾಗ ಅದು ರೋಗಿಯ ತಪ್ಪಾಗಲಿ, ಊಟೋಪಚಾರದ ಲೋಪವಾಗಲಿ ಅಲ್ಲ. ಕ್ಯಾನ್ಸರ್ ಕೋಶ ತನ್ನ ಓದನ್ನು ಬದಲಿಸಿಕೊಂಡಿದೆ. ಎರಡನೆಯದಾಗಿ, ಪಿಎಸ್‌ಎ ಒಂದನ್ನೇ ನೆಚ್ಚಿ ಕೂರಬಾರದು. ಅಂಕಿ ಕಡಿಮೆ ಇದ್ದರೂ ಹೊಸ ನೋವು, ತೂಕ ಇಳಿಕೆ, ತೀವ್ರ ಸುಸ್ತು ಕಾಣಿಸಿಕೊಂಡರೆ ವೈದ್ಯರಿಗೆ ತಿಳಿಸಬೇಕು. ಅಗತ್ಯವೆನಿಸಿದರೆ ಅವರು ಸ್ಕ್ಯಾನ್ ಮಾಡಿಸಿ, ಗಡ್ಡೆಯ ತುಣುಕನ್ನು ಮತ್ತೊಮ್ಮೆ ಪರೀಕ್ಷೆಗೆ ಕಳುಹಿಸುತ್ತಾರೆ. ಕೋಶ ವೇಷ ಬದಲಿಸಿದ್ದರೆ ಚಿಕಿತ್ಸೆಯ ಬಗೆಯೂ ಬದಲಾಗುತ್ತದೆ. ಮೂರನೆಯದಾಗಿ, ವಂಶವಾಹಿಯನ್ನೇ ತಿದ್ದುವುದಾಗಿ ಹೇಳಿಕೊಂಡು ಮಾರಾಟವಾಗುವ ಪುಡಿ, ಗುಳಿಗೆಗಳಿಗೆ ಮರುಳಾಗಿ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬಾರದು. ಅಂತಹ ಯಾವುದನ್ನಾದರೂ ಸೇವಿಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು.

ಹಗಿನ್ಸ್ ಅವರ ಕಾಲದಲ್ಲಿ ಹಾರ್ಮೋನು ಚಿಕಿತ್ಸೆ ಸೋತರೆ ವೈದ್ಯರ ಬಳಿ ಹೇಳಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಇಂದು ಸೋಲಿನ ಕಾರಣವನ್ನು ಕಿಣ್ವದ ಹೆಸರು ಹಿಡಿದು ಹೇಳಬಹುದು. ಆ ಕಿಣ್ವವನ್ನು ತಡೆಯುವ ಔಷಧಗಳು ರೋಗಿಗಳ ಮೇಲೆ ಪರೀಕ್ಷೆಗೊಳಗಾಗಿವೆ. ಬಿಗಿದ ಕಟ್ಟನ್ನು ಬಿಚ್ಚಬಹುದು ಎಂಬುದು ಇಲಿಗಳಲ್ಲಿ ಸಾಬೀತಾಗಿದೆ. ಮನುಷ್ಯರಲ್ಲಿ ಅದರ ಮೊದಲ ಸೂಚನೆಗಳು ಕಂಡಿವೆ. ಹರಡಿದ ರೋಗದೊಂದಿಗೆ ಬದುಕುತ್ತಿರುವವರಿಗೆ ಎಂಟು ತಿಂಗಳ ಹೆಚ್ಚುವರಿ ಸಮಾಧಾನವೂ ಸಣ್ಣದೇನಲ್ಲ.